ಇನ್ನೊಂದು ಕೂದಲೆಳೆ

ನನ್ನ ಹೆಬ್ಬೆರಳು ಒಮ್ಮೆ ಭೂಕಂಪ ನಿಲ್ಲಿಸಿದೆ. ಕಾರ್ಖಾನೆಯ ಗೋಡೆ ಇನ್ನೇನು ಬಾಯಿ ಬಿಡಬೇಕು ಅನ್ನುವಾಗ ಎರಡು ಕಡೆಯಿಂದಲೂ ಹಿಡಿದು ಒತ್ತಿದೆ, ಟಕ್ ಅಂತ ಕೂತುಬಿಟ್ಟಿತು. ನಮ್ಮ ಶಿಜುವೋಕಾ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ಅಂಥದ್ದೇನೂ ಆಗೇ ಇಲ್ಲ ಅನ್ನುತ್ತಾರೆ. ಆಗದೆ ಹೋದ ಭೂಕಂಪ ಯಾರಿಗೆ ತಾನೇ ನೆನಪಿರುತ್ತದೆ?

ಇಂಥ ಮಾತಿಗೇ ನನಗೆ ಬುರುಡೆ ತೊಮೆ ಅಂತ ಹೆಸರು ಬಿದ್ದದ್ದು. ಮನೆಯವರು ಇಟ್ಟ ಹೆಸರು ಉಮೆಹಾರಾ ತೊಮೆಜೋ. ಶಾಲೆಯ ಒಳಗೆ ಕೂತದ್ದಕ್ಕಿಂತ ಶಾಲೆಯ ಹಿಂದಿನ ಚಹಾ ಗಿಡಗಳ ಮರೆಯಲ್ಲಿ ಮಲಗಿದ್ದೇ ಹೆಚ್ಚು. ಹಾಗಾಗಿ ಓದು ಬರಹ ಅಷ್ಟಕ್ಕಷ್ಟೇ. ಆದರೆ ನನ್ನ ಕೆಲಸಕ್ಕೆ ಮೂರು ಪದ ಬರೆಯಲು ಬಂದರೆ ಸಾಕಿತ್ತು: ಸಡಿಲ, ಸರಿ, ಬಿಗಿ.

ನಮ್ಮದು ಪ್ಲಾಸ್ಟಿಕ್ ಮಾಡೆಲ್ ಮಾಡುವ ಸಣ್ಣ ಕಂಪನಿ. ಅಂಟು ಬೇಡದ ಮಾಡೆಲ್. ಪೆಟ್ಟಿಗೆ ತೆರೆದು, ಚೌಕಟ್ಟಿನಿಂದ ಒಂದೊಂದೇ ಭಾಗ ಕತ್ತರಿಸಿಕೊಂಡು, ಇದರ ಗೂಟವನ್ನು ಅದರ ತೂತಿಗೆ ಒತ್ತಬೇಕು. ಟಕ್ ಅನ್ನುತ್ತದೆ, ಕೂರುತ್ತದೆ. ಹೊಸ ಅಚ್ಚು ತಯಾರಾದಾಗ ಮೊದಲು ನಾಲ್ಕೈದು ಕಿಟ್ ಮಾತ್ರ ಹೊಡೆದು ನನ್ನ ಮೇಜಿಗೆ ತಂದಿಡುತ್ತಿದ್ದರು. ನಾನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ, ಚೀಟಿಯಲ್ಲಿ ಆ ಮೂರರಲ್ಲೊಂದು ಪದ ಬರೆಯುತ್ತಿದ್ದೆ. ಮೂವತ್ತೊಂದು ವರ್ಷ ಇದೇ ಕೆಲಸ. ನಾನು ಒತ್ತಿದ ಗೂಟಗಳನ್ನೆಲ್ಲ ಸಾಲಾಗಿ ಇಟ್ಟಿದ್ದರೆ ಫುಜಿ ಬೆಟ್ಟ ಹತ್ತಿ ಆ ಕಡೆ ಇಳಿಯುತ್ತಿದ್ದವು. ಬಾಯಿಗೆ ಬಂದದ್ದನ್ನೆಲ್ಲ ಆಡುವ ನಾನು ಆ ಚೀಟಿಯಲ್ಲಿ ಮಾತ್ರ ಒಂದು ದಿನವೂ ಸುಳ್ಳು ಬರೆದವನಲ್ಲ. ಅದನ್ನು ಎಲ್ಲರೂ ಒಪ್ಪುತ್ತಿದ್ದರು.

ಅಚ್ಚು ಕೊರೆಯುತ್ತಿದ್ದವನು ಕತ್ಸುಮಾತಾ ಸೇಯ್‌ಜಿ, ನಮ್ಮ ಸೇಯ್-ಸಾನ್. ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನ ಬಾಯಿಂದ ಒಂದು ಮಾತು ಹೊರಗೆ ಬರಬೇಕಾದರೆ ಮೊದಲು ಅದಕ್ಕೆ ಎರಡು ಸಲ ಅರ ಹಾಕಿ ನಯ ಮಾಡಿಕೊಳ್ಳುತ್ತಿದ್ದ. ಮಧ್ಯಾಹ್ನ ಊಟಕ್ಕೆ ಇಬ್ಬರೂ ಒಟ್ಟಿಗೆ ಕೂರುತ್ತಿದ್ದೆವು. ನಾನು ಹೇಳುವುದು, ಅವನು ಅನ್ನ ತಿನ್ನುವುದು. ನನ್ನ ಕಥೆ ಮುಗಿದ ಮೇಲೆ "ಹ್ಞೂಂ" ಅನ್ನುತ್ತಿದ್ದ. ಆ ಹ್ಞೂಂ ಉದ್ದವಾಗಿದ್ದರೆ ಕಥೆ ಚೆನ್ನಾಗಿತ್ತು ಅಂತ ನಾನು ತಿಳಿದುಕೊಳ್ಳಬೇಕು.

ಆ ವರ್ಷ ನಮ್ಮ ಕಂಪನಿ ಹಿಡಿದದ್ದು ಚಂದ್ರನ ಮೇಲೆ ಓಡುವ ಬಂಡಿ. ನಮ್ಮ ಹರೆಯದ ಕಾಲದಲ್ಲಿ ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಧಾರಾವಾಹಿಯ ಬಂಡಿ ಅದು. ಎಂಟು ಚಕ್ರ, ಪ್ರತಿ ಚಕ್ರಕ್ಕೂ ಮಡಚುವ ಒಂದು ಕಾಲು, ಬೆನ್ನ ಮೇಲೆ ಉಬ್ಬಿದ ಗಾಜಿನ ಗೂಡು. ಅದಕ್ಕೆ ದೊಡ್ಡ ಹೆಸರೊಂದಿತ್ತು. ನಾವು ಆಮೆ ಅನ್ನುತ್ತಿದ್ದೆವು. ಆಮೆಯಲ್ಲಿ ನಲವತ್ತಾರು ಗೂಟ. ಚಕ್ರ ತಿರುಗಬೇಕು, ಕಾಲು ಮಡಚಬೇಕು, ಆದರೂ ಮಗು ಎತ್ತಿ ಆಡಿಸಿದರೆ ಒಂದೂ ಕಳಚಿ ಬೀಳಬಾರದು. ಇಷ್ಟು ಕಷ್ಟದ ಅಚ್ಚನ್ನು ನಮ್ಮಲ್ಲಿ ಯಾರೂ ಕೊರೆದಿರಲಿಲ್ಲ.

ಸೇಯ್-ಸಾನ್‌ಗೆ ಅದೇ ಕೊನೆಯ ಅಚ್ಚು. ಮಾರ್ಚ್‌ಗೆ ನಿವೃತ್ತಿ ಆಗಬೇಕಿದ್ದವನನ್ನು ಆಮೆಗೋಸ್ಕರವೇ ಮೇ ತನಕ ಉಳಿಸಿಕೊಂಡಿದ್ದರು. ಪೆಟ್ಟಿಗೆಯ ಬದಿಯಲ್ಲಿ ಅಚ್ಚು ಕೊರೆದವನ ಹೆಸರು ಹಾಕಿಸುತ್ತೇನೆ ಎಂದು ಯಜಮಾನರು ಎಲ್ಲರ ಎದುರಿಗೇ ಮಾತು ಕೊಟ್ಟಿದ್ದರು. ಪೆಟ್ಟಿಗೆಯ ಮೇಲೆ ಚಿತ್ರ ಬರೆದವರ ಹೆಸರು ಬರುತ್ತದೆ, ಕಂಪನಿಯ ಹೆಸರು ಬರುತ್ತದೆ. ಉಕ್ಕು ಕೊರೆದವನ ಹೆಸರು ನಮ್ಮಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಬಂದಿರಲಿಲ್ಲ. ಪೆಟ್ಟಿಗೆಯ ಮಾದರಿ ಬಂದ ದಿನ ಸೇಯ್-ಸಾನ್ ಅದನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿ ಮರುದಿನ ವಾಪಸ್ ತಂದಿಟ್ಟ. ನನಗೆ ಹೇಳಲಿಲ್ಲ. ಅವನ ಹೆಂಡತಿ ಫುಮಿಯೆ-ಸಾನ್ ಮಾರುಕಟ್ಟೆಯಲ್ಲಿ ಸಿಕ್ಕಾಗ ಹೇಳಿದರು.

"ಊಟಕ್ಕೆ ಕೂತಾಗ ಮೇಜಿನ ಮೇಲೇ ಇಟ್ಕೊಂಡಿದ್ರು, ತೊಮೆ-ಸಾನ್. ಸೋಯಾ ಸಾಸ್ ಬಾಟ್ಲಿ ಅದರ ಹತ್ರ ಇಡೋಕೆ ಬಿಡ್ಲಿಲ್ಲ ನೋಡಿ."

ಅಚ್ಚಿನ ವಿಷಯದಲ್ಲಿ ಒಂದು ಸಂಗತಿ ಹೇಳಲೇಬೇಕು. ಪ್ಲಾಸ್ಟಿಕ್ಕಿನಲ್ಲಿ ಗೂಟ ಆಗುವುದು ಉಕ್ಕಿನಲ್ಲಿ ಗುಳಿ. ಗುಳಿಯಿಂದ ಇನ್ನಷ್ಟು ಉಕ್ಕು ತೆಗೆದರೆ ಗೂಟ ದಪ್ಪವಾಗುತ್ತದೆ, ಬಿಗಿಯಾಗುತ್ತದೆ. ತೆಗೆದ ಉಕ್ಕನ್ನು ವಾಪಸ್ ಅಂಟಿಸಲು ಆಗುವುದಿಲ್ಲ. ಅದಕ್ಕೇ ಅಚ್ಚು ಕೊರೆಯುವವರು ಯಾವಾಗಲೂ ಮೊದಲು ಸಡಿಲ ಇಟ್ಟು, ಚೀಟಿ ನೋಡಿಕೊಂಡು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೆಗೆಯುತ್ತ ಬರುತ್ತಾರೆ. ಸಾಕು ಅನ್ನುವಲ್ಲಿ ನಿಲ್ಲಿಸುವುದೇ ವಿದ್ಯೆ. ಮತ್ತೆ ನಮ್ಮ ಕಾರ್ಖಾನೆಯಲ್ಲಿ ಹಿಂದಿನಿಂದ ಬಂದ ಒಂದು ಕಟ್ಟುಪಾಡಿತ್ತು. ಅಚ್ಚು ಕೊರೆದವನು ತನ್ನ ಕಿಟ್ಟನ್ನು ತಾನು ಜೋಡಿಸಿ ನೋಡುವಂತಿಲ್ಲ. ಕೊರೆದ ಕೈಗೆ ತನ್ನ ಕೆಲಸ ಯಾವಾಗಲೂ ಸರಿಯಾಗೇ ಕಾಣುತ್ತದೆ ಅಂತ. ನನ್ನ ಚೀಟಿ ಬರುವ ತನಕ ಅವನು ಕಾಯಬೇಕು, ಬಂದ ಮೇಲೆ ಎದುರಾಡಬಾರದು.

ಜನವರಿಯಲ್ಲಿ ಮೊದಲ ಆಮೆ ಬಂತು. ಸಡಿಲ ಎಂದು ಬರೆದೆ. ಅದು ನಿಜವಾಗಿಯೂ ಸಡಿಲ. ಎತ್ತಿದರೆ ಮೂರು ಚಕ್ರ ಮೇಜಿನ ಮೇಲೇ ಉಳಿದವು. ಸೇಯ್-ಸಾನ್ ಚೀಟಿ ನೋಡಿ ತಲೆಯಾಡಿಸಿ ಹೋದ. ಮೊದಲನೆಯದು ಹಾಗೇ ಇರಬೇಕು.

ಎರಡನೆಯದು ಬಂದದ್ದು ಮಾರ್ಚ್ ಮೊದಲ ವಾರ. ಆ ಚಳಿಗಾಲ ನನ್ನ ಬೆರಳ ತುದಿಗಳು ತೆಳ್ಳನೆಯ ಕೈಗವಸು ಹಾಕಿಕೊಂಡ ಹಾಗೆ ಇದ್ದವು. ಚಳಿ ಅಂದುಕೊಂಡೆ. ಅದಕ್ಕೆ ಮೂರು ವರ್ಷ ಮುಂಚೆಯೇ ಡಾಕ್ಟರು ಸಕ್ಕರೆ ಕಾಯಿಲೆ ಇದೆ, ಕೈಕಾಲಿನ ತುದಿ ನೋಡಿಕೊಳ್ಳುತ್ತಿರಿ ಅಂದಿದ್ದರು. ನಾನು ಅವರಿಗೆ ನಮ್ಮ ತಾತ ದಿನಕ್ಕೆ ನಲವತ್ತು ಸಿಹಿ ಉಂಡೆ ತಿಂದು ನೂರಾ ಎಂಟು ವರ್ಷ ಬದುಕಿ ಕೊನೆಗೆ ಜೇನ್ನೊಣಗಳು ಹೊತ್ತುಕೊಂಡು ಹೋದ ಕಥೆ ಹೇಳಿ ನಗಿಸಿ ಬಂದಿದ್ದೆ. ಡಾಕ್ಟರು ನಕ್ಕರು. ನಾನೂ ಅದನ್ನು ಮರೆತೆ.

ಒತ್ತಿದೆ. ಟಕ್ ಅಂತು. ಸದ್ದು ಚೆನ್ನಾಗಿತ್ತು, ಎಳೆ ಸೌತೆಕಾಯಿ ಮುರಿದ ಹಾಗೆ. ಆದರೆ ಹೆಬ್ಬೆರಳಿಗೆ ಗೂಟ ಕೂತದ್ದೇ ಗೊತ್ತಾಗಲಿಲ್ಲ, ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ ಹೋಯಿತು. ಕಿವಿ ಒಂದು ಹೇಳುತ್ತಿತ್ತು, ಬೆರಳು ಒಂದು ಹೇಳುತ್ತಿತ್ತು. ಮೂವತ್ತೊಂದು ವರ್ಷ ನನಗೆ ಅನ್ನ ಹಾಕಿದ್ದು ಬೆರಳು. ಸಡಿಲ ಎಂದು ಬರೆದು ನಾನೇ ಅಚ್ಚಿನ ಕೋಣೆಗೆ ಒಯ್ದೆ.

ಸೇಯ್-ಸಾನ್ ಚೀಟಿ ನೋಡಿದ. "ಸಡಿಲಾನಾ?"

"ನಿನ್ನ ಕಟ್ಟಿಸಿದ ಹಲ್ಲಿನಷ್ಟು ಸಡಿಲ."

"ಎಲ್ಲಾ ಗೂಟಾನೂ?"

"ನಲವತ್ತಾರಕ್ಕೆ ನಲವತ್ತಾರೂ. ಇದನ್ನ ಚಂದ್ರನ ಮೇಲೆ ಬಿಟ್ರೆ ಚಕ್ರ ಒಂದು ಕಡೆ, ಬಂಡಿ ಒಂದು ಕಡೆ. ಅಲ್ಲಿ ಹುಡುಕಿ ಕೊಡೋರು ಯಾರಯ್ಯಾ?"

ಅವನು ನಗಲಿಲ್ಲ. ಚೀಟಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಅಚ್ಚಿನ ಕಡೆ ತಿರುಗಿ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ. ಅವನ ಬೆನ್ನಿಗೆ ನಾನು ಇನ್ನೊಂದು ತಮಾಷೆ ಹೇಳಿ ಹೊರಟುಬಂದೆ.

ಮೂರನೆಯದು ಏಪ್ರಿಲ್ ಕೊನೆಗೆ ಬಂತು. ಮೇ ತಿಂಗಳಲ್ಲಿ ಮಾಡೆಲ್ ಪ್ರದರ್ಶನ, ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಅಲ್ಲಿ ನೂರು ಮಕ್ಕಳಿಗೆ ಆಮೆಯನ್ನು ಪುಕ್ಕಟೆ ಕೊಟ್ಟು ಅಲ್ಲೇ ಅವರ ಕೈಲೇ ಜೋಡಿಸುವಂತೆ ಮಾಡುವುದು ಎಂದು ಯಜಮಾನರು ಸಾರಿಬಿಟ್ಟಿದ್ದರು. ನಮ್ಮ ವಿಭಾಗದ ಮುಖ್ಯಸ್ಥ ಶಿಯೋಜಾವಾ ನನ್ನ ಮೇಜಿನ ಪಕ್ಕದಲ್ಲೇ ಗಡಿಯಾರ ನೋಡುತ್ತ ನಿಂತಿದ್ದ. ಸೇಯ್-ಸಾನ್ ಬಾಗಿಲ ಹತ್ತಿರ.

ನಾನು ಹತ್ತು ಗೂಟ ಒತ್ತಿ ನೋಡಿದೆ. "ಹತ್ರ ಬಂದಿದೆ. ಇನ್ನೊಂದು ಕೂದಲೆಳೆ."

"ಇನ್ನೊಂದು ಸಲ ಹೊಡೆದು ನೋಡೋಕೆ ಟೈಮಿಲ್ಲ, ಉಮೆಹಾರಾ-ಸಾನ್," ಅಂದ ಶಿಯೋಜಾವಾ. "ಈ ಕೂದಲೆಳೆ ತೆಗೆದು ಸೀದಾ ನೂರು ಕಿಟ್ಟು ಹೊಡೀಬೇಕು. ಕತ್ಸುಮಾತಾ-ಸಾನ್, ಕೊನೇದು ನಿಮ್ಮ ಕೈಗೇ ಬಿಟ್ಟಿದ್ದೀವಿ."

ಸೇಯ್-ಸಾನ್ ನನ್ನನ್ನೇ ನೋಡಿದ. "ತೊಮೆ. ಖಂಡಿತಾನಾ?"

ಅಷ್ಟು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು. ಕೇಳುವಂತೆಯೂ ಇರಲಿಲ್ಲ. ಶಿಯೋಜಾವಾ ಕೂಡ ತಲೆಯೆತ್ತಿ ನೋಡಿದ. ಅಲ್ಲಿ ನಾನು ಒಂದು ಗಳಿಗೆ ತಡೆದು, ಇನ್ನೊಂದು ಸಲ ಒತ್ತಿ ನೋಡಬಹುದಿತ್ತು. ನನಗೋ ತಮಾಷೆ ಮೊದಲು ಬಾಯಿಗೆ ಬರುತ್ತದೆ.

"ನನ್ನ ಹೆಬ್ಬೆರಳ ಮೇಲೇ ಅನುಮಾನಾನಾ? ಇದನ್ನ ಮುಂದಿನ ತಿಂಗಳು ಟೋಕಿಯೋದವರು ಬಂದು ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ, ನಾನೇ ಬೇಡ ಅಂದಿದ್ದೀನಿ. ಕೈ ಜೊತೆಗೆ ಇರ್ಲಿ ಅಂತ."

ಶಿಯೋಜಾವಾ ನಕ್ಕ. ಸೇಯ್-ಸಾನ್ ಹೋಗಿ ಕೂದಲೆಳೆ ತೆಗೆದ.

ಪ್ರದರ್ಶನದ ದಿನ ಸೇಯ್-ಸಾನ್ ಸೂಟು ಹಾಕಿಕೊಂಡು ಬಂದಿದ್ದ. ಮಗಳ ಮದುವೆಗೆ ಹೊಲಿಸಿದ ಸೂಟು, ಹೆಗಲಲ್ಲಿ ಇನ್ನೊಬ್ಬರು ಕೂರುವಷ್ಟು ದೊಡ್ಡದು. ಫುಮಿಯೆ-ಸಾನ್ ಕೂದಲು ಸಿಂಗರಿಸಿಕೊಂಡಿದ್ದರು. ಇಬ್ಬರೂ ಗೋಡೆಗೆ ಒತ್ತಿಕೊಂಡು, ಯಾರ ದಾರಿಗೂ ಅಡ್ಡವಾಗದ ಹಾಗೆ ನಿಂತಿದ್ದರು. ಉದ್ದನೆಯ ಮೇಜುಗಳ ಮೇಲೆ ನೂರು ಪೆಟ್ಟಿಗೆ. ಪ್ರತಿ ಪೆಟ್ಟಿಗೆಯ ಬದಿಯಲ್ಲೂ ಸಣ್ಣ ಅಕ್ಷರದಲ್ಲಿ ಅವನ ಹೆಸರು.

ಮಕ್ಕಳು ಕೂತರು. ಕತ್ತರಿಸಿದರು. ಒತ್ತಲು ಶುರು ಮಾಡಿದರು.

ಮೊದಲು ನನಗೆ ಸದ್ದೇ ಗೊತ್ತಾಗಲಿಲ್ಲ. ನೂರು ಮಕ್ಕಳು ಒಟ್ಟಿಗೆ ಜೋಡಿಸುವಾಗ ಟಕ್ ಟಕ್ ಟಕ್ ಅಂತ ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳಬೇಕು. ಏನೂ ಕೇಳುತ್ತಿರಲಿಲ್ಲ. ಮಕ್ಕಳೆಲ್ಲ ತುಟಿ ಕಚ್ಚಿಕೊಂಡು ಒತ್ತುತ್ತಿದ್ದರು. ಕನ್ನಡಕ ಹಾಕಿದ ಒಂದು ಹುಡುಗಿ ಎದ್ದು ನಿಂತು ಎರಡೂ ಅಂಗೈ ಇಟ್ಟು ಮೈಭಾರ ಹಾಕಿದಳು. ಒಬ್ಬ ಅಪ್ಪ ಕಿಟ್ಟನ್ನು ನೆಲದ ಮೇಲಿಟ್ಟು ಹಿಮ್ಮಡಿಯಲ್ಲಿ ತುಳಿದ. ಆಮೇಲೆ ಸದ್ದು ಬಂತು. ಟಕ್ ಅಲ್ಲ. ಒಣ ಕಡ್ಡಿ ಮುರಿದಂಥ ಸದ್ದು. ಇಲ್ಲೊಂದು, ಅಲ್ಲೊಂದು, ಆಮೇಲೆ ಎಲ್ಲ ಕಡೆ. ತೂತಿನ ಅಂಚುಗಳು ಸೀಳುತ್ತಿದ್ದವು. ಕಾಲುಗಳು ಮುರಿಯುತ್ತಿದ್ದವು. ಕನ್ನಡಕದ ಹುಡುಗಿ ಅಳಲಿಲ್ಲ. ಮುರಿದ ಎರಡು ತುಂಡನ್ನು ಒಂದು ಕೈಲಿ ಒಂದೊಂದು ಹಿಡಿದುಕೊಂಡು, ತಾನೇನೋ ತಪ್ಪು ಮಾಡಿದೆ ಅನ್ನುವ ಹಾಗೆ ಅಮ್ಮನ ಮುಖ ನೋಡಿದಳು.

ನಾನು ಓಡಿ ಹೋಗಿ ಮೇಜಿನ ಮುಂದೆ ನಿಂತು ಬಾಯಿಗೆ ಬಂದ ಕಥೆ ಹೇಳತೊಡಗಿದೆ. ಚಂದ್ರನಲ್ಲಿ ಹೋದ ವಾರವೇ ಈ ಬಂಡಿ ಬಂಡೆಗೆ ಗುದ್ದಿತು, ಇದು ಮುರಿದ ಬಂಡಿಯ ಮಾದರಿ, ಬೇಕಂತಲೇ ಹೀಗೆ ಮಾಡಿದ್ದು ಅಂದೆ. ಇಬ್ಬರು ಮೂವರು ನಕ್ಕರು. ತಿರುಗಿ ನೋಡಿದಾಗ ಗೋಡೆಯ ಹತ್ತಿರ ಫುಮಿಯೆ-ಸಾನ್ ಒಬ್ಬರೇ ಇದ್ದರು.

ಸೇಯ್-ಸಾನ್ ಯಜಮಾನರ ಮುಂದೆ ನಿಂತು ಸೊಂಟ ಬಾಗಿಸಿದ್ದ. ದೊಡ್ಡ ಸೂಟಿನಲ್ಲಿ ಅವನ ತಲೆ ಕಾಣುತ್ತಲೇ ಇರಲಿಲ್ಲ.

"ಕೈ ತಪ್ಪಿತು," ಅನ್ನುತ್ತಿದ್ದ. "ಕೊನೇ ಸಲ ಜಾಸ್ತಿ ತೆಗೆದುಬಿಟ್ಟೆ. ವಯಸ್ಸಾದ ಕೈ. ಕ್ಷಮಿಸಿ."

ಯಜಮಾನರು ಕೆಟ್ಟವರಲ್ಲ. ಆಯ್ತು ಕತ್ಸುಮಾತಾ, ಆಯ್ತು ಅಂದರು. ಆದರೆ ಅಷ್ಟು ದೊಡ್ಡ ಅಚ್ಚನ್ನು ಮತ್ತೆ ಮೊದಲಿಂದ ಕೊರೆಯುವ ಶಕ್ತಿ ನಮ್ಮ ಕಂಪನಿಗೆ ಇರಲಿಲ್ಲ. ಆಮೆಯ ಕೆಲಸ ಅಲ್ಲಿಗೇ ನಿಂತಿತು. ಮುದ್ರಿಸಿಟ್ಟ ಪೆಟ್ಟಿಗೆಗಳನ್ನು ರದ್ದಿಗೆ ಹಾಕಿದರು. ಮೇ ಕೊನೆಯ ದಿನ ಸೇಯ್-ಸಾನ್ ತನ್ನ ಅರಗಳನ್ನು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಹೋದ. ನಾನು ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. "ಪಾಪ, ವಯಸ್ಸಾಯ್ತು. ಒಂದು ಕೂದಲೆಳೆ ಅಂದ್ರೆ ಹಗ್ಗದಷ್ಟು ತೆಗೆದುಬಿಟ್ಟ." ಹೌದು, ನಾನೇ ಹೇಳಿದೆ.

ಜೂನ್‌ನಲ್ಲಿ ಬೇರೊಂದು ಕಿಟ್ ನೋಡುತ್ತಿದ್ದೆ. ಬಿಳಿ ಪ್ಲಾಸ್ಟಿಕ್. ಚಾಕುವಿನಲ್ಲಿ ಅಂಚು ಕೆರೆಯುತ್ತಿದ್ದವನು ನೋಡಿದರೆ ಭಾಗಗಳ ಮೇಲೆ ಕೆಂಪು ಕಲೆ. ಪಕ್ಕದ ಮೇಜಿನಲ್ಲಿ ಪೆಟ್ಟಿಗೆ ತುಂಬುವ ನೊರಿಕೊಗೆ, "ಏನಮ್ಮಾ, ಕೈ ಕುಯ್ಕೊಂಡ್ಯಾ? ನನ್ನ ಸಾಮಾನಿಗೆಲ್ಲಾ ರಕ್ತ ಬಳಿದಿದ್ದೀಯಲ್ಲ," ಅಂದೆ.

ಅವಳು ನನ್ನನ್ನೇ ನೋಡಿದಳು. "ಉಮೆಹಾರಾ-ಸಾನ್, ನಿಮ್ಮ ಬೆರಳು."

ನನ್ನ ಹೆಬ್ಬೆರಳಿನ ತುದಿ ಅಡಿಕೆ ಹೋಳಿನಂತೆ ಸೀಳಿತ್ತು. ರಕ್ತ ಮೊಣಕೈಗೆ ಇಳಿದಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ.

ಬಟ್ಟೆ ಸುತ್ತಿಕೊಂಡು ಗೋದಾಮಿಗೆ ಹೋದೆ. ಇಪ್ಪತ್ತು ವರ್ಷದಿಂದ ಮಾರಾಟವಾಗುತ್ತಿದ್ದ ನಮ್ಮ ಹಳೆಯ ಕಿಟ್ ಒಂದನ್ನು ತೆಗೆದೆ. ಸರಿ ಎಂದು ನಾನೇ ಚೀಟಿ ಬರೆದದ್ದು. ಆ ಗೂಟ ಕೂರುವ ರೀತಿ ನನಗೆ ನನ್ನ ಹೆಂಡತಿಯ ಹೆಜ್ಜೆ ಸದ್ದಿನಷ್ಟು ಪರಿಚಯ. ಎಡಗೈ ಬೆರಳಲ್ಲಿ ಒತ್ತಿದೆ. ಸಡಿಲ. ಬಲಗೈಯ ಬೇರೆ ಬೆರಳಲ್ಲಿ ಒತ್ತಿದೆ. ಸಡಿಲ. ಇನ್ನೊಂದು ಕಿಟ್ ತೆಗೆದೆ, ಮತ್ತೊಂದು ತೆಗೆದೆ. ಗೋದಾಮಿನಲ್ಲಿದ್ದ ಕಿಟ್ಟುಗಳೆಲ್ಲ ಸಡಿಲ. ಅಲ್ಲೇ ಪೆಟ್ಟಿಗೆಗಳ ನಡುವೆ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಶಿಯೋಜಾವಾನ ಹತ್ತಿರ ಹೋದೆ. ತಪ್ಪು ಕತ್ಸುಮಾತಾನದಲ್ಲ, ನನ್ನ ಬೆರಳು ಸತ್ತುಹೋಗಿದೆ, ಎರಡನೇ ಸಲ ಬಂದ ಆಮೆಯೇ ಸರಿಯಾಗಿತ್ತು ಅಂದೆ. ಅವನು ನನ್ನ ಬಟ್ಟೆ ಸುತ್ತಿದ ಬೆರಳು ನೋಡಿ ನಕ್ಕ.

"ನಿಮ್ಮ ಮನಸ್ಸು ದೊಡ್ಡದು, ಉಮೆಹಾರಾ-ಸಾನ್. ಸ್ನೇಹಿತನಿಗೋಸ್ಕರ ಬೆರಳನ್ನೇ ಕುಯ್ಕೊಂಡು ಬಂದಿದ್ದೀರಲ್ಲ."

"ಬುರುಡೆ ಅಲ್ಲಪ್ಪ ಇದು."

"ಭೂಕಂಪದ್ದೂ ಅಲ್ಲ ಅಂದಿದ್ರಿ." ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಆಗಿದ್ದು ಆಗೋಯ್ತು. ಅವರೇ ಒಪ್ಕೊಂಡಿದ್ದಾರೆ. ಹೋಗಿ, ಗಾಯಕ್ಕೆ ಔಷಧಿ ಹಾಕಿಸ್ಕೊಳ್ಳಿ."

ಅವನನ್ನು ದೂರುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಭಾನುವಾರ ಸೇಯ್-ಸಾನ್ ಮನೆಗೆ ಹೋದೆ. ಅಬೆ ನದಿಯ ಹತ್ತಿರದ ಸಣ್ಣ ಮನೆ. ಜಗಲಿಯಲ್ಲಿ ಕಾಗದ ಹರಡಿಕೊಂಡು ಕಾಳು ಬಿಡಿಸುತ್ತ ಕೂತಿದ್ದ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಎರಡೂ ಗುಪ್ಪೆ ಒಂದೇ ಎತ್ತರ. ಫುಮಿಯೆ-ಸಾನ್ ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಸೇಯ್-ಸಾನ್ ಮುಖದಲ್ಲಿ ಪರವಾಗಿಲ್ಲ ಅನ್ನುವಂಥ ಕಳೆ ಇತ್ತು. ತೂಕ ಕೂಡ ಸ್ವಲ್ಪ ಹೆಚ್ಚಿದ ಹಾಗಿತ್ತು.

"ಬಾ, ಕೂತ್ಕೋ. ಬೆರಳಿಗೇನಾಯ್ತು?"

ಅಲ್ಲಿಂದಲೇ ಶುರು ಮಾಡಿ ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು, ಚಳಿಗಾಲದ ಬೆರಳು, ಕಿವಿ ಹೇಳಿದ್ದು, ಗೋದಾಮು. ನನ್ನ ಜನ್ಮದಲ್ಲೇ ಅಷ್ಟು ಸಪ್ಪೆಯಾಗಿ ನಾನು ಏನನ್ನೂ ಹೇಳಿರಲಿಲ್ಲ. ಇವನೂ ನಗುತ್ತಾನೆ ಅಂದುಕೊಂಡಿದ್ದೆ. ಬೇಕಾದರೆ ಸೂಜಿ ತಂದು ಚುಚ್ಚು ಅನ್ನಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ.

ಅವನು ನಗಲಿಲ್ಲ. ಸೂಜಿಯೂ ಬೇಕಾಗಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಕೆಳಗಿಟ್ಟು ಒಳಗೆ ಹೋದ. ಬರುವಾಗ ಟವೆಲ್ಲಿನಲ್ಲಿ ಏನೋ ಸುತ್ತಿಕೊಂಡು ಬಂದ. ಬಿಚ್ಚಿದ. ಆಮೆ.

ಪೂರ್ತಿ ಜೋಡಿಸಿದ ಬಿಳಿ ಆಮೆ. ಒಂದೂ ಸೀಳಿಲ್ಲ. ಕಾಳಿನ ಕಾಗದದ ಮೇಲೆ ಇಟ್ಟು ಬೆರಳಲ್ಲಿ ಮುಂದೆ ತಳ್ಳಿದ. ಎಂಟೂ ಚಕ್ರ ತಿರುಗಿದವು. ಸಿಪ್ಪೆಯ ಗುಪ್ಪೆ ಎದುರಾದಾಗ ಮುಂದಿನ ಕಾಲುಗಳು ಮಡಚಿಕೊಂಡು, ಎದ್ದು, ಹತ್ತಿ, ಇಳಿದವು. ಎತ್ತಿ ಅಲ್ಲಾಡಿಸಿದ. ಏನೂ ಬೀಳಲಿಲ್ಲ.

"ಮಾರ್ಚಿಂದು," ಅಂದ. "ಎರಡನೇ ಸಲದ್ದು."

"ನೀನು ಜೋಡಿಸಿದ್ಯಾ?"

"ಕೊನೇದಲ್ವಾ ಅಂತ ಆಸೆ ಆಯ್ತು. ನಿನ್ನ ಚೀಟಿ ಬರೋಕೆ ಮುಂಚೆ ಒಂದು ಕಿಟ್ಟು ಚೀಲದಲ್ಲಿ ಹಾಕ್ಕೊಂಡು ಬಂದೆ. ನಲವತ್ತು ವರ್ಷದಲ್ಲಿ ಅದೊಂದೇ ಸಲ." ಆಮೆಯ ಬೆನ್ನನ್ನು ಹೆಬ್ಬೆರಳಿನಿಂದ ಒರೆಸಿದ. "ಸರಿಯಾಗಿತ್ತು ತೊಮೆ. ಕೂತು ಜೋಡಿಸ್ತಾ ಇದ್ರೆ ನಗು ಬರ್ತಿತ್ತು ನನಗೆ. ಅಷ್ಟು ಸರಿಯಾಗಿತ್ತು."

"ಹೇಳೋದಲ್ವಾ ಮಾರಾಯ."

"ಹೆಂಗೆ ಹೇಳ್ಲಿ? ಕದ್ದು ಜೋಡಿಸಿದ್ದು. ಮರುದಿನ ನಿನ್ನ ಚೀಟಿ ಬಂತು, ಸಡಿಲ ಅಂತ. ಕಟ್ಟುಪಾಡು ಸುಮ್ಮನೆ ಮಾಡಿಲ್ಲ ಅಂದ್ಕೊಂಡೆ. ನನ್ನ ಕೈ ನನಗೆ ಮುಖಸ್ತುತಿ ಹೇಳ್ತಿದೆ, ಮುದುಕ ಆದೆ ಅಂದ್ಕೊಂಡೆ. ಕೊರೆದೆ. ಮೂರನೇ ಸಲ ನಿನ್ನ ಕೇಳಿದೆ."

"ಕೇಳಿದೆ. ಹೌದು."

"ಕೂದಲೆಳೆನೇ ತೆಗೆದದ್ದು ನಾನು. ಅದಕ್ಕಿಂತ ಒಂದು ಧೂಳಿನಷ್ಟೂ ಜಾಸ್ತಿ ಇಲ್ಲ. ಆದ್ರೆ ಅಲ್ಲಿ ಮಕ್ಕಳು ಮುರಿಯೋದು ನೋಡಿದಾಗ, ಇಲ್ಲ, ಜಾಸ್ತಿನೇ ತೆಗೆದಿರ್ಬೇಕು, ಕೈಗೆ ಗೊತ್ತಾಗಿಲ್ಲ ಅಂತ ಒಪ್ಕೊಂಡೆ. ಒಪ್ಕೊಂಡ ಮೇಲೆ ಹಗುರ ಆಯ್ತು. ಕೈಗೆ ವಯಸ್ಸಾಗೋದು ಯಾರ ತಪ್ಪು? ಯಾರದ್ದೂ ಅಲ್ಲ. ಈ ಒಂದು ತಿಂಗಳು ಚೆನ್ನಾಗಿ ನಿದ್ದೆ ಬಂತು ನನಗೆ."

ಒಳಗೆ ನಲ್ಲಿ ನಿಂತಿತು. ನಾನು ಅವನ ಹೆಸರು ಸರಿ ಮಾಡಿಕೊಡೋಣ ಅಂತ ಬಂದವನು. ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳುವಾಗ ನನ್ನ ಮೈತುಂಬ ಒಳ್ಳೆಯ ಕೆಲಸ ಮಾಡಲು ಹೊರಟವನ ಹುರುಪು ಇತ್ತು.

"ಸೋಮವಾರ ಯಜಮಾನರ ಹತ್ರ ಹೋಗ್ತೀನಿ," ಅಂದೆ. "ಇದನ್ನ ತೋರಿಸ್ತೀನಿ. ಇದನ್ನ ನೋಡಿದ್ರೆ ನಂಬ್ತಾರೆ. ನಿನ್ನ ಕೈಯಲ್ಲಿ ತಪ್ಪಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ಲಿ."

"ಬೇಡ."

"ಯಾಕೆ ಬೇಡ?"

"ಏನಂತ ಗೊತ್ತಾಗ್ಬೇಕು, ತೊಮೆ? ಸರಿ ಇದೆ ಅಂತ ಗೊತ್ತಿದ್ದೂ ಕೊರೆದ ಅಂತಾನಾ? ವಯಸ್ಸಾದ ಕೈಯನ್ನ ಜನ ಮನ್ನಿಸ್ತಾರೆ. ನಾನೂ ಮನ್ನಿಸಿದ್ದೆ. ಇದನ್ನ ನಾನೇ ಮನ್ನಿಸೋದಿಲ್ಲ." ಅವನ ದನಿ ಏರಲಿಲ್ಲ. "ನಿನ್ನ ಬೆರಳು ಸತ್ತಿತ್ತು, ನಿನಗೆ ಗೊತ್ತಿರ್ಲಿಲ್ಲ. ನನ್ನ ಬೆರಳು ಬದುಕಿತ್ತು. ನಾನು ಅದರ ಮಾತು ಕೇಳ್ಲಿಲ್ಲ. ತಪ್ಪು ಯಾರದು ಹೇಳು."

ಕ್ಷಮಿಸು ಅಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅವನಿಗೆ ಕೇಳಿಸುವ ಹಾಗೆ ಅನ್ನಲಿಲ್ಲ.

ಅವನು ಆಮೆಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ ತನ್ನ ಬೆನ್ನ ಹಿಂದೆ ಸರಿಸಿಟ್ಟ. ಸರಿಸಿಟ್ಟದ್ದು ಸರಿಯಾಯಿತು. ಫುಮಿಯೆ-ಸಾನ್ ಚಹಾ ತಟ್ಟೆ ಹಿಡಿದು ಬಂದರು.

"ಏನು ಇಬ್ರೂ ಗುಸುಗುಸು? ಒಳಗೆ ನನಗೆ ಒಂದೂ ಕೇಳಿಸ್ಲಿಲ್ಲ."

ಸೇಯ್-ಸಾನ್ ತಲೆಯೆತ್ತಿದ. ಹೆಂಡತಿಗೆ ಇರಲಿ, ಯಾರಿಗೂ ಅವನು ಒಂದು ಸುಳ್ಳು ಹೇಳಿದ್ದು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇವನ ಬುರುಡೆ," ಅಂದ. "ಬೆರಳು ಹೆಂಗೆ ಕುಯ್ತು ಅಂತ ಹೇಳ್ತಿದ್ದ. ನಗು ತಡೆಯೋಕಾಗ್ಲಿಲ್ಲ."

"ನನಗೂ ಹೇಳಿ ತೊಮೆ-ಸಾನ್. ಈ ಮನೇಲಿ ನಕ್ಕು ಎಷ್ಟು ದಿನ ಆಯ್ತು."

ಅವನು ನನ್ನ ಕಡೆ ನೋಡಲಿಲ್ಲ. ಕಾಗದದ ಮೇಲಿದ್ದ ಕಾಯಿ ತೆಗೆದುಕೊಂಡು ಬಿಡಿಸತೊಡಗಿದ. ನಾನು ಶುರು ಮಾಡಿದೆ. ಅಬೆ ನದಿಯಲ್ಲಿ ಮೀನು ಹಿಡಿಯಲು ಹೋದದ್ದು, ಗಾಳದ ಬದಲು ಬೆರಳು ಇಳಿಬಿಟ್ಟದ್ದು, ಒಂದು ಮುದಿ ಹಾವುಮೀನು ಬಂದು ಮೊದಲು ಕಚ್ಚಿ ಆಮೇಲೆ ತಪ್ಪಾಯಿತು ಅಂದದ್ದು, ನಾನು ಪರವಾಗಿಲ್ಲ ಬಿಡು ಅಂದದ್ದು. ಎಲ್ಲಿ ತಡೆಯಬೇಕೋ ಅಲ್ಲಿ ತಡೆದೆ, ಎಲ್ಲಿ ಕಣ್ಣು ಅರಳಿಸಬೇಕೋ ಅಲ್ಲಿ ಅರಳಿಸಿದೆ. ಫುಮಿಯೆ-ಸಾನ್ ತಟ್ಟೆಯನ್ನು ಎದೆಗವಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಥೆ ಮುಗಿಯಿತು. ಸೇಯ್-ಸಾನ್ ಒಂದು ಕಾಳು ಬಿಡಿಸಿ ಗುಪ್ಪೆಗೆ ಹಾಕಿದ. ಆಮೇಲೆ ಇನ್ನೊಂದು. ನಾನು ಅವನ ಹ್ಞೂಂಗೆ ಕಾಯುತ್ತ ಕೂತಿದ್ದೆ.

"ಚಹಾ ಆರುತ್ತೆ," ಅಂದ.